ಕೊಬ್ಬಿದ ಹೃದಯ, ಸುಣ್ಣಗಟ್ಟಿದ ಕದ

ಎರಡು ವರ್ಷಗಳ ಹಿಂದೆ, ಬಳಗದ ತಿಂಗಳ ಸಭೆ ಮುಗಿದ ಮೇಲೆ, ನಮ್ಮ ಹಿರಿಯರೊಬ್ಬರು ಹೆಗಲ ಚೀಲದಿಂದ ಎಕೋ ಪರೀಕ್ಷೆಯ ವರದಿಯೊಂದನ್ನು ತೆಗೆದು ನಮ್ಮ ಕೈಗಿತ್ತರು. ರಾಯಚೂರಿನ ಕಡೆಯವರು, ಹೈದರಾಬಾದಿಗೆ ಬಂದು ನಾಲ್ಕು ದಶಕ ಕಳೆದಿವೆ, ವಯಸ್ಸು ಎಪ್ಪತ್ತಾರು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರಿಗೆ ಇಂಗ್ಲಿಷಿನಲ್ಲಿ ಬರೆದುದೆಲ್ಲವೂ ತಿಳಿಯುತ್ತದೆ ಎಂಬುದು ಅವರ ದೃಢ ನಂಬಿಕೆ. ವರದಿಯಲ್ಲಿ ಗಮನಿಸಬೇಕಾದ ಎರಡು ಸಾಲುಗಳಿದ್ದವು. ಮಹಾಧಮನಿಯ ಕವಾಟದ ಎಸಳುಗಳಲ್ಲಿ ಸುಣ್ಣ ಕೂತು ಕವಾಟ ಕಿರಿದಾಗತೊಡಗಿದೆ ಎಂಬುದು ಒಂದು. ಹೃದಯದ ಹೊರಮೈಯ ಕೊಬ್ಬಿನ ಪದರ ದಪ್ಪವಾಗಿದೆ ಎಂಬುದು ಇನ್ನೊಂದು. ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕು ಎಂದು ಕೆಳಗೆ ಬರೆದಿತ್ತು. ನಾವು ಓದಿ ಮುಗಿಸಿ, ಇದೆಲ್ಲ ವಯಸ್ಸಿನ ಲಕ್ಷಣ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆವು. ಅವರಿಗೂ ಬೇಕಾದದ್ದು ಆ ಮಾತೇ. "ಅದನ್ನೇ ನಾನೂ ಅಂದೆ ನೋಡ್ರಿ. ಹಳೇ ಮನಿ ಬಾಗಿಲಿಗೆ ಸುಣ್ಣ ಮೆತ್ತೋದಿಲ್ಲೇನು?" ಎಂದು ನಕ್ಕು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದರು.

ಕಾಗದ ಆ ಚೀಲದಲ್ಲಿಯೇ ಉಳಿಯಿತು. ಮರುಪರೀಕ್ಷೆ ಆಗಲಿಲ್ಲ. ಈ ವರ್ಷ ಅವರಿಗೆ ಹರ್ನಿಯಾದ ಶಸ್ತ್ರಚಿಕಿತ್ಸೆಯೆಂದು ದಿನ ಗೊತ್ತಾಯಿತು. ಹಿಂದಿನ ದಿನ ಅರಿವಳಿಕೆ ಕೊಡುವ ವೈದ್ಯೆ ಬಂದು ಎದೆಯ ಮೇಲೆ ಸ್ಟೆತಾಸ್ಕೋಪನ್ನಿಟ್ಟು, ತೆಗೆದು, ಮತ್ತೆ ಇಟ್ಟು, ಬಹಳ ಹೊತ್ತು ಕೇಳಿದರಂತೆ. ಅನಂತರ ಕೇಳಿದ ಮೊದಲ ಪ್ರಶ್ನೆ: ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟದ್ದು ಉಂಟೇ? ಉಂಟು. ಕಾಚಿಗುಡ ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳ ಮೇಲೆ ಒಮ್ಮೆ ಕುಸಿದು ಕೂತಿದ್ದರು. ಬಿಸಿಲೆಂದು ಎಲ್ಲರೂ ಸುಮ್ಮನಾಗಿದ್ದೆವು. ಶಸ್ತ್ರಚಿಕಿತ್ಸೆ ನಿಂತಿತು. ಮರುದಿನದ ಎಕೋದಲ್ಲಿ ಕವಾಟದ ಬಾಯಿ ಒಂದು ಚದರ ಸೆಂಟಿಮೀಟರಿಗಿಂತ ಕಿರಿದಾಗಿತ್ತು. ಆರೋಗ್ಯವಂತರಲ್ಲಿ ಅದು ಮೂರರಿಂದ ನಾಲ್ಕು ಚದರ ಸೆಂಟಿಮೀಟರು ಇರುತ್ತದೆ.

'ವಯಸ್ಸು' ಎಂಬ ಮಾತನ್ನು ಆಡಿದವರು ನಾವು. ಆ ಅಳುಕಿನಿಂದಲೇ ಓದತೊಡಗಿದೆವು. ಹೃದಯದ ಕೊಬ್ಬಿನ ಚರಿತ್ರೆಯನ್ನು ಹುಡುಕುತ್ತ ಲಂಡನ್, ಪ್ಯಾರಿಸ್ ಎಂದು ಅಲೆಯಬೇಕಾದೀತು ಎಂದುಕೊಂಡಿದ್ದ ನಮಗೆ, ಅದರ ಒಂದು ಮುಖ್ಯ ಅಧ್ಯಾಯ ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಅಫ್ಜಲ್‌ಗಂಜಿನ ಸುತ್ತ ನಡೆದದ್ದೆಂದು ತಿಳಿದಾಗ ಆದ ಬೆರಗು ಸಣ್ಣದಲ್ಲ.

ಇಂದು ಮೂಸಿ ನದಿಯ ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಗುಮ್ಮಟಗಳು ನಿಂತಿರುವಲ್ಲಿ ಹಿಂದೆ ಅಫ್ಜಲ್‌ಗಂಜ್ ಆಸ್ಪತ್ರೆಯಿತ್ತು. 1908ರ ಸೆಪ್ಟೆಂಬರಿನ ಮಹಾಪೂರ ಅದನ್ನು ಕೊಚ್ಚಿಕೊಂಡು ಹೋಯಿತು. ಆಸ್ಪತ್ರೆಯ ಅಂಗಳದ ಹುಣಸೆಮರವೊಂದನ್ನು ಹತ್ತಿ ಸುಮಾರು 150 ಜನ ಬದುಕಿದರೆಂದು ಊರು ಇಂದಿಗೂ ಹೇಳುತ್ತದೆ. (ಆ ಪೂರದ ಬಳಿಕವೇ ನಮ್ಮ ವಿಶ್ವೇಶ್ವರಯ್ಯನವರು ಈ ಊರಿಗೆ ಬಂದದ್ದು, ಆ ಕಥೆಯನ್ನು ಇಲ್ಲಿನ ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ.) ಪೂರಕ್ಕೂ ಮೊದಲು, 1885ರಲ್ಲಿ, ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯ ರೆಸಿಡೆನ್ಸಿಯ ಸರ್ಜನನಾಗಿ ಹೈದರಾಬಾದಿಗೆ ಬಂದ. ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಎಂಬ ಹೆಸರಾಂತ ಶಸ್ತ್ರವೈದ್ಯನ ಶಿಷ್ಯನಾಗಿದ್ದವನು. ಗುರುವಿನಿಂದ ಅವನು ಪಡೆದ ಮಂತ್ರ ಒಂದೇ: ಕ್ಲೋರೋಫಾರ್ಮ್ ಕೊಡುವಾಗ ಉಸಿರನ್ನು ನೋಡು, ನಾಡಿಯನ್ನಲ್ಲ.

ಈ ಮಂತ್ರ ಲಂಡನ್ನಿನವರಿಗೆ ಒಪ್ಪಿಗೆಯಿರಲಿಲ್ಲ. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಲೋಕಕ್ಕೆ ಪರಿಚಯಿಸಿದ. ಮೂರು ತಿಂಗಳು ತುಂಬುವ ಮೊದಲೇ, 1848ರ ಜನವರಿ 28ರಂದು, ನ್ಯೂಕಾಸಲ್ ಬಳಿಯ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ, ಕಾಲಿನ ಉಗುರು ತೆಗೆಸಿಕೊಳ್ಳಲು ಕೂತವಳು, ಕುರ್ಚಿಯಲ್ಲೇ ಸತ್ತಳು. ಆಮೇಲೆ ಇಂಥ ಸಾವುಗಳು ಬರುತ್ತಲೇ ಹೋದವು. ಸಣ್ಣ ಗಾಯ, ಸಣ್ಣ ಕೊಯ್ತ, ಎರಡು ಹನಿ ಔಷಧ, ಸಾವು. ಯಾರ ತಪ್ಪು? ಲಂಡನ್ನಿನವರು ಕ್ಲೋರೋಫಾರ್ಮ್ ಹೃದಯವನ್ನೇ ನಿಲ್ಲಿಸುತ್ತದೆಂದರು, ನಾಡಿಯ ಮೇಲೆ ಬೆರಳಿಟ್ಟರು. ಎಡಿನ್‌ಬರೋದವರು ಮೊದಲು ನಿಲ್ಲುವುದು ಉಸಿರೆಂದರು. ಇಬ್ಬರಿಗೂ ಅನುಕೂಲವಾದ ಮೂರನೆಯ ಉತ್ತರವೊಂದು ಶವಪರೀಕ್ಷೆಯ ಮೇಜಿನ ಮೇಲೆ ಸಿಗುತ್ತಿತ್ತು: ಸತ್ತವನ ಹೃದಯ ಕೊಬ್ಬಿದ ಹೃದಯವಾಗಿತ್ತು.

ಕೊಬ್ಬಿದ ಹೃದಯವೆಂಬ ರೋಗಕ್ಕೆ ಆ ಕಾಲದಲ್ಲಿ ದೊಡ್ಡ ಹೆಸರು. 1850ರಲ್ಲಿ ಲಂಡನ್ನಿನ ರಿಚರ್ಡ್ ಕ್ವೈನ್ ಅದರ ಮೇಲೆ ದೀರ್ಘ ಪ್ರಬಂಧ ಬರೆದು, ಹೃದಯದ ಹೊರಮೈಯಲ್ಲಿ ಬೆಳೆಯುವ ಕೊಬ್ಬು ಬೇರೆ, ಹೃದಯದ ಮಾಂಸವೇ ಜಿಡ್ಡಾಗಿ ಕೆಡುವುದು ಬೇರೆ ಎಂದು ವಿಂಗಡಿಸಿದ. ಅವನಿಗಿಂತ ಮೊದಲೇ ಪ್ಯಾರಿಸ್ಸಿನ ಲೆನೆಕ್ ಈ ಭೇದವನ್ನು ಕಂಡಿದ್ದ. ಆದರೆ ನ್ಯಾಯದರ್ಶಿಗಳ ಮುಂದೆ, ಪತ್ರಿಕೆಗಳ ಅಂಕಣಗಳಲ್ಲಿ ಈ ಸೂಕ್ಷ್ಮ ಉಳಿಯಲಿಲ್ಲ. ಕಣ್ಣಿನ ಕಪ್ಪು ವೃತ್ತದ ಸುತ್ತ ಬಿಳಿಯ ಬಳೆಯೊಂದು ಕಂಡರೂ ಸಾಕು, ಒಳಗೆ ಹೃದಯ ಕೊಬ್ಬಿದೆಯೆಂದು ನಂಬುವ ವೈದ್ಯರಿದ್ದರು. ಕನ್ನಡದಲ್ಲಿ 'ಅವನಿಗೆ ಕೊಬ್ಬು' ಎಂದರೆ ಸೊಕ್ಕು ಎಂದೇ ಅರ್ಥ. ಆ ಕಾಲದ ಇಂಗ್ಲಿಷರಿಗೂ ಕೊಬ್ಬಿದ ಹೃದಯವೆಂದರೆ ಅತಿಯಾಗಿ ಉಂಡು ಕುಡಿದು ಮೈಗಳ್ಳನಾಗಿ ಬದುಕಿದವನ ಹೃದಯವೆಂಬ ಭಾವ ಒಳಗೊಳಗೇ ಇದ್ದಂತೆ ತೋರುತ್ತದೆ. ಔಷಧವನ್ನೂ ಅದನ್ನು ಕೊಟ್ಟ ಕೈಯನ್ನೂ ಬಿಟ್ಟು ಸತ್ತವನ ಮೇಲೆಯೇ ತಪ್ಪು ಹೊರಿಸಲು ಇದಕ್ಕಿಂತ ಸುಲಭದ ದಾರಿ ಯಾವುದಿದ್ದೀತು?

ಲಾರಿ ಈ ಜಗಳವನ್ನು ಹೈದರಾಬಾದಿನಲ್ಲಿ ಬಗೆಹರಿಸಲು ಹೊರಟ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಹಣ ಕೊಟ್ಟರು. 1888ರಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ಕೂತು, ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆಂದು ಸಾರಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನು ನಂಬಲಿಲ್ಲ. ನಂಬದಿದ್ದರೆ ನಿಮ್ಮವರನ್ನೇ ಕಳಿಸಿ ಎಂದು ನಿಜಾಮ ಸರ್ಕಾರ ಅದರ ಖರ್ಚಿಗೆ 1,000 ಪೌಂಡು ಕೊಡಲು ಮುಂದಾಯಿತು. ನಮ್ಮ ಗುಲ್ಬರ್ಗ, ಬೀದರ, ರಾಯಚೂರುಗಳ ಕಂದಾಯವೂ ಸೇರಿದ ಖಜಾನೆ ಅದು. ಲಾರಿಯ ವಾದದಲ್ಲಿ ನಮ್ಮವರ ಪಾಲೂ ಇಷ್ಟಿದೆಯೆಂದು ನಾವು ಅಂದುಕೊಳ್ಳುವುದುಂಟು. ಬಂದವನು ಲಾಡರ್ ಬ್ರಂಟನ್. ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಔಷಧವನ್ನು 1867ರಲ್ಲಿ, ಇನ್ನೂ ತರುಣನಾಗಿದ್ದಾಗಲೇ, ಕಂಡುಹಿಡಿದು ಹೆಸರಾದವನು. ಕ್ಲೋರೋಫಾರ್ಮ್ ಹೃದಯಕ್ಕೆ ಅಪಾಯಕಾರಿಯೆಂದು ನಂಬಿದ್ದವನು. 1889ರ ಕೊನೆಯ ತಿಂಗಳುಗಳಲ್ಲಿ ಎರಡನೆಯ ಆಯೋಗ ಕೆಲಸ ಮಾಡಿತು. ನಾಯಿ, ಕೋತಿ, ಕುದುರೆ, ಆಡು, ಬೆಕ್ಕು, ಮೊಲ ಸೇರಿ ನಾನೂರಕ್ಕೂ ಮಿಕ್ಕ ಪ್ರಾಣಿಗಳು ಅದಕ್ಕೆ ಬಲಿಯಾದವು. ರಕ್ತದೊತ್ತಡದ ಏರಿಳಿತವನ್ನು ಗೆರೆಯಾಗಿ ಬರೆಯುವ ಯಂತ್ರವಿಟ್ಟು, ಗೆರೆಗಳ ಛಾಯಾಚಿತ್ರ ತೆಗೆದರು. ಅಪಾಯವಿರುವುದು ಉಸಿರುಗಟ್ಟುವುದರಲ್ಲಿ, ಅತಿಯಾದ ಪ್ರಮಾಣದಲ್ಲಿ. ಹೃದಯಕ್ಕೆ ನೇರವಾಗಿ ಏನೂ ಇಲ್ಲ ಎಂಬರ್ಥದ ತಂತಿಯನ್ನು ಬ್ರಂಟನ್ ಲಂಡನ್ನಿಗೆ ಕಳಿಸಿದ. ಸಂಶಯದಿಂದ ಬಂದವನೇ ಶಿಷ್ಯನಾಗಿ ಹಿಂದಿರುಗಿದ.

ನಮ್ಮ ವಿಷಯಕ್ಕೆ ಬೇಕಾದ ಭಾಗ ಇದರ ನಡುವೆ ಅಡಗಿದೆ. ಕೊಬ್ಬಿದ ಹೃದಯವೆಂಬ ಹಳೆಯ ಆರೋಪವನ್ನು ಆಯೋಗ ಹಾಗೆಯೇ ಬಿಡಲಿಲ್ಲ. ಕೆಲವು ನಾಯಿಗಳಿಗೆ ಹಲವು ದಿನ ರಂಜಕ ತಿನ್ನಿಸಿ, ಅವುಗಳ ಹೃದಯವನ್ನು ಬೇಕೆಂದೇ ಜಿಡ್ಡುಗಟ್ಟಿಸಿ, ಅನಂತರ ಕ್ಲೋರೋಫಾರ್ಮ್ ಕೊಟ್ಟು ನೋಡಿದರು. ಓದುವಾಗ ಕೈ ತಡೆಯುತ್ತದೆ. ಆದರೂ ಆರೋಪವನ್ನು ಆರೋಪವಾಗಿ ಬಿಡದೆ ಪರೀಕ್ಷೆಗೊಡ್ಡಿದ್ದು ಆ ಜಗಳದಲ್ಲಿ ಹೊಸದೇ. ಅವರು ಮುಟ್ಟಿದ ನಿರ್ಣಯ ಹೀಗೆ: ಕ್ಲೋರೋಫಾರ್ಮಿನಿಂದ ಅಂಥ ಹೃದಯಕ್ಕೆ ಕೇಡಿಲ್ಲ, ರಕ್ತದೊತ್ತಡ ಇಳಿಯುವುದರಿಂದ ಅದರ ಹೊರೆ ತಗ್ಗಿ ಲಾಭವೇ ಆಗುತ್ತದೆ, ಆದರೆ ತೀರ ಕೊಬ್ಬಿದ ಹೃದಯದವನು ಶಸ್ತ್ರಚಿಕಿತ್ಸೆಯ ಮೇಜನ್ನು ಹತ್ತುವ ಶ್ರಮಕ್ಕೇ ಸತ್ತಾನು, ತನ್ನ ಮನೆಯ ಮುಂದಿನ ಮೆಟ್ಟಿಲು ಹತ್ತುವಾಗಲೂ ಸತ್ತಾನು, ಬರಿಯ ಹೆದರಿಕೆಗೂ ಸತ್ತಾನು. ಮೆಟ್ಟಿಲಿನ ಮಾತನ್ನು ಓದಿದಾಗ ನಮ್ಮ ಕಣ್ಣಿಗೆ ಕಟ್ಟಿದ್ದು ಕಾಚಿಗುಡದ ಮೇಲ್ಸೇತುವೆ.

ಹೈದರಾಬಾದಿನ ತೀರ್ಪು ಬಹಳ ಕಾಲ ನಿಲ್ಲಲಿಲ್ಲ. ಅಬರ್ಡೀನಿನ ಮೆಕ್‌ವಿಲಿಯಮ್ 1890ರಲ್ಲೇ ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ಹಿಗ್ಗಿಸಿ ಬಲಗುಂದಿಸುತ್ತದೆಂದು ತೋರಿಸಿದ. ಹೃದಯದ ಕೆಳಕೋಣೆಗಳು ತಾಳತಪ್ಪಿ ಬರಿಯ ನಡುಕವಾಗಿ ನಿಂತುಬಿಡುವುದರಿಂದ ದಿಢೀರ್ ಸಾವು ಬರಬಹುದೆಂದು ಅದರ ಹಿಂದಿನ ವರ್ಷ ಬರೆದವನೂ ಅವನೇ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಗಂಟನ್ನು ಬಿಡಿಸಿದ. ಕ್ಲೋರೋಫಾರ್ಮಿನ ಅಮಲು ಆಳವಾಗಿರುವಾಗ ಅಲ್ಲ, ಹಗುರವಾಗಿರುವಾಗ, ಮೈಯಲ್ಲಿ ಅಡ್ರಿನಲಿನ್ ಉಕ್ಕಿದರೆ ಹೃದಯ ಆ ನಡುಕಕ್ಕೆ ಬೀಳುತ್ತದೆ. ಹೆದರಿದ ಹುಡುಗಿ, ಎರಡು ಹನಿ ಔಷಧ, ಚಾಕು ತಾಗಿದ ಕ್ಷಣ: ಹ್ಯಾನಾ ಗ್ರೀನರಳ ಸಾವಿಗೆ ಇದು ಒಪ್ಪುವ ವಿವರಣೆ. ಅಂಥ ಸಾವಿಗೆ ಕೊಬ್ಬಿದ ಹೃದಯ ಬೇಕಿರಲಿಲ್ಲ. ಉಸಿರನ್ನು ಕಾಯಬೇಕೆಂಬ ಲಾರಿಯ ಹಟದಿಂದ ಎಷ್ಟೋ ಜೀವ ಉಳಿದಿದ್ದೀತು. ಹೃದಯದ ಗೊಡವೆ ಬೇಡವೆಂಬ ಅವನ ಅಭಯದಿಂದ ಎಷ್ಟೋ ಜೀವ ಹೋಗಿಯೂ ಇದ್ದೀತು. ಅಭಯ ಕೊಡುವವನಿಗೆ ಕೊಟ್ಟ ಅಭಯದ ಲೆಕ್ಕ ಕಾಣುವುದಿಲ್ಲ. ಈ ಮಾತನ್ನು ಲಾರಿಯನ್ನು ಕುರಿತು ಬರೆಯುವಾಗ ನಮ್ಮ ಮುಖವೂ ಬಿಸಿಯಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಇಪ್ಪತ್ತನೆಯ ಶತಮಾನ ಬಂದಂತೆ ರಕ್ತನಾಳದ ರೋಗಗಳು ಬಯಲಾಗಿ ಕೊಬ್ಬಿದ ಹೃದಯದ ಹೆಸರು ಮರಣಪತ್ರಗಳಿಂದ ಮರೆಯಾಗುತ್ತ ಬಂತು. ಹೊರಮೈಯ ಕೊಬ್ಬನ್ನು ಯಾರೂ ಗಮನಿಸಲಿಲ್ಲ. ಅದು ಹೃದಯಕ್ಕೆ ಹೊದಿಸಿದ ಮೆತ್ತೆ ಎಂದಷ್ಟೇ ತಿಳಿದರು. ಅದು ಎಲ್ಲರಿಗೂ ಇರುತ್ತದೆ ಎಂಬುದು ನಿಜ. ಆರೋಗ್ಯವಂತ ಹೃದಯದ ಮೇಲ್ಮೈಯ ಸುಮಾರು 80 ಪಾಲನ್ನು ಅದು ಆವರಿಸಿರುತ್ತದೆ. 2003ರಲ್ಲಿ ಎರಡು ಕಡೆಯಿಂದ ಅದರ ಮೇಲೆ ಬೆಳಕು ಬಿತ್ತು. ಈ ಪದರದ ದಪ್ಪವನ್ನು ಎಕೋದಲ್ಲಿಯೇ ಅಳೆಯಬಹುದೆಂದು ಯಾಕೊಬೆಲ್ಲಿಸ್ ಮತ್ತು ಜೊತೆಗಾರರು ತೋರಿಸಿದರು. ಅದು ಸುಮ್ಮನೆ ಕೂತಿರುವ ಮೆತ್ತೆಯಲ್ಲ, ಉರಿಯೂತವನ್ನು ಕೆರಳಿಸುವ ರಾಸಾಯನಿಕಗಳನ್ನು ಸ್ರವಿಸುತ್ತದೆಂದು ಮಜುರೆಕ್ ಮತ್ತು ಜೊತೆಗಾರರು ತೋರಿಸಿದರು. ಈ ಕೊಬ್ಬಿಗೂ ಹೃದಯದ ಮಾಂಸಕ್ಕೂ ನಡುವೆ ಪೊರೆಯ ಗೋಡೆಯಿಲ್ಲ. ಇಬ್ಬರಿಗೂ ರಕ್ತ ಬರುವುದು ಒಂದೇ ನಾಳಗಳಿಂದ. ಒಂದೇ ಹಿತ್ತಿಲಿನ ಎರಡು ಮನೆಗಳಿದ್ದಂತೆ. ಒಂದರ ಹೊಗೆ ಇನ್ನೊಂದಕ್ಕೆ ಹೋಗದೆ ಇರದು.

ಹಾಗಾದರೆ ದಪ್ಪಗಿರುವವರ ರೋಗವೇ ಇದು? ನಮ್ಮ ಹಿರಿಯರು ಸಣಕಲು ಮೈಯವರು, ಹೊಟ್ಟೆಯೊಂದು ತುಸು ಮುಂದೆ ಬಂದಿದೆಯಷ್ಟೆ. ಪುಣೆಯ ವೈದ್ಯ ಯಾಜ್ಞಿಕರು ಮತ್ತು ಲಂಡನ್ನಿನ ಯಡ್ಕಿನ್ 2004ರಲ್ಲಿ ತಮ್ಮದೇ ಮೈಗಳನ್ನು ಹೋಲಿಸಿ ಒಂದು ಪುಟದ ಲೇಖನ ಬರೆದರು. ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಇಂಗ್ಲಿಷನಿಗೆ ನೂರಕ್ಕೆ 9.1, ನಮ್ಮವರಿಗೆ 21.2. ತೋಳು ನೋಡಿ ಕೊಬ್ಬಿಲ್ಲವೆನ್ನುವ ನಮ್ಮ ರೂಢಿಯ ಲೆಕ್ಕ ಇಲ್ಲಿ ತಪ್ಪುತ್ತದೆ.

ಇನ್ನು ಸುಣ್ಣ. ಕವಾಟ ಎಂದರೆ ಕದ. ಇಂಗ್ಲಿಷಿನ ಹೆಸರಿಗಿಂತ ನಮ್ಮ ಪದವೇ ಕೆಲಸವನ್ನು ಚೆನ್ನಾಗಿ ಹೇಳುತ್ತದೆ. ಒಂದು ಮಿಲಿಮೀಟರಿಗಿಂತ ತೆಳುವಾದ ಮೂರು ಎಸಳುಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ಎಲುಬಿನಂತೆ ಗಟ್ಟಿಯಾದ ಕವಾಟಗಳನ್ನು ಯುರೋಪಿನ ಶವಪರೀಕ್ಷಕರು ಹದಿನೇಳನೆಯ ಶತಮಾನದಲ್ಲೇ ಕಂಡು ಬರೆದಿದ್ದಾರೆ. ಇದು ಮುದಿತನದ ಸವೆತ ಎಂಬ ವಿವರಣೆಗೆ 1904ರಲ್ಲಿ ಜರ್ಮನಿಯ ಮ್ಯೋಂಕೆಬರ್ಗ್ ಶಾಸ್ತ್ರೀಯ ರೂಪ ಕೊಟ್ಟ. ಮುಂದೆ ತೊಂಬತ್ತು ವರ್ಷ ವೈದ್ಯಲೋಕ ಅದನ್ನೇ ಹೇಳಿಕೊಂಡು ಬಂತು, ನಾವು ಹೇಳಿದಂತೆ. 1994ರಲ್ಲಿ ಅಮೆರಿಕದ ಕ್ಯಾಥರೀನ್ ಆಟೊ ಮತ್ತು ಸಂಗಡಿಗರು ಆರಂಭದ ಹಂತದ ಕವಾಟಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಕಂಡದ್ದು ಸವೆತವಲ್ಲ, ಚಟುವಟಿಕೆ: ಜಿಡ್ಡು, ಉರಿಯೂತದ ಕಣಗಳು, ಸುಣ್ಣದ ಕಣಗಳು. ಎಸಳಿನ ಜೀವಕೋಶಗಳು ತಮ್ಮ ಕಸುಬು ಬಿಟ್ಟು ಎಲುಬು ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆಂದು ಅನಂತರದ ಸಂಶೋಧನೆಗಳು ತೋರಿಸಿದವು. ಆಟೊ ತಂಡದ್ದೇ 1999ರ ಅಧ್ಯಯನದಲ್ಲಿ, ಕವಾಟ ಇನ್ನೂ ಕಿರಿದಾಗದೆ ಬರಿದೇ ದಪ್ಪವಾಗಿರುವ ವೃದ್ಧರಲ್ಲಿಯೂ ಹೃದ್ರೋಗದಿಂದ ಸಾಯುವ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು.

ಮೇಲ್ಮೈಯ ಕೊಬ್ಬು ದಪ್ಪವಾಗಿರುವವರಲ್ಲಿ ಕವಾಟದ ಸುಣ್ಣವೂ ಹೆಚ್ಚಾಗಿ ಜೊತೆಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಜೊತೆಗಿದ್ದಾಕ್ಷಣ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಎರಡನ್ನೂ ಬೆಳೆಸುವ ಮೂರನೆಯದು ಇರಬಹುದು. ಕವಾಟದ ಸುಣ್ಣಕ್ಕೆ ಹುಟ್ಟಿನಿಂದ ಬಂದ ಕಾರಣಗಳೂ ಇವೆ. ನೂರಕ್ಕೆ ಒಬ್ಬಿಬ್ಬರು ಮೂರರ ಬದಲು ಎರಡೇ ಎಸಳಿನ ಕವಾಟದೊಂದಿಗೆ ಹುಟ್ಟುತ್ತಾರೆ, ಅವರಲ್ಲಿ ಸುಣ್ಣ ಬೇಗ ಕೂರುತ್ತದೆ. ಲೈಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣವನ್ನು ಹೆಚ್ಚಿಸುವ ವಂಶವಾಹಿಗೂ ಇದಕ್ಕೂ ನಂಟಿದೆಯೆಂದು 2013ರಲ್ಲಿ ತಿಳಿಯಿತು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಳಿಗೆಗಳಿಂದ ಈ ಸುಣ್ಣ ನಿಂತೀತೆಂಬ ದೊಡ್ಡ ಆಸೆಯಿತ್ತು. 2005ರ ಮತ್ತು 2008ರ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. "ಹಾಲು ಬಿಡಬೇಕೇನ್ರಿ? ಎಲಿ-ಅಡಕಿಗೆ ಸುಣ್ಣ?" ಎಂದು ನಮ್ಮ ಹಿರಿಯರು ಕೇಳಿದ್ದರು. ಕವಾಟದಲ್ಲಿ ಕೂರುವುದು ತಟ್ಟೆಯಿಂದ ಇಳಿದು ಬಂದ ಸುಣ್ಣವಲ್ಲ. ದೇಹವೇ ತಪ್ಪು ಜಾಗದಲ್ಲಿ ಎಲುಬು ಕಟ್ಟುತ್ತಿರುವುದು. ಹಾಲಿನ ಮೇಲೆ ಸಿಟ್ಟಾಗುವ ಕಾರಣವಿಲ್ಲ. ಅಡಿಕೆಯನ್ನು ಬಿಡಲು ಬೇರೆ ಕಾರಣಗಳಿವೆ, ಅದು ಬೇರೆ ಮಾತು.

ಆ ವೈದ್ಯೆ ಶಸ್ತ್ರಚಿಕಿತ್ಸೆಯನ್ನೇಕೆ ನಿಲ್ಲಿಸಿದರೆಂಬುದು 1889ರ ವರದಿಯನ್ನು ಓದಿದ ಮೇಲೆ ನಮಗೆ ಇನ್ನಷ್ಟು ಸ್ಪಷ್ಟವಾಯಿತು. ರಕ್ತದೊತ್ತಡ ಇಳಿದರೆ ಹೃದಯದ ಹೊರೆ ತಗ್ಗುತ್ತದೆ, ಒಳ್ಳೆಯದೇ ಎಂದಿದ್ದರು ಆಯೋಗದವರು. ಸುಣ್ಣಗಟ್ಟಿ ಕಿರಿದಾದ ಕದದ ಹಿಂದೆ ಕೂತ ಹೃದಯಕ್ಕೆ ಆ ಲೆಕ್ಕ ತಲೆಕೆಳಗು. ಕದದ ಬಾಯಿ ಕಿರಿದು, ಹೊರಹೋಗುವ ರಕ್ತವನ್ನು ಹೃದಯ ಬೇಕೆಂದಾಗ ಹೆಚ್ಚಿಸಲಾರದು. ಅರಿವಳಿಕೆಯಿಂದ ಒತ್ತಡ ತಟ್ಟನೆ ಕುಸಿದರೆ, ಹೃದಯದ ಸ್ವಂತ ನಾಳಗಳಿಗೇ ರಕ್ತ ಸಾಲದಾಗುತ್ತದೆ. ಒಮ್ಮೆ ಕುಸಿದರೆ ಮೇಲೆತ್ತುವುದು ಕಷ್ಟ. ಮೆಟ್ಟಿಲ ಮೇಲೆ ಕಣ್ಣು ಕತ್ತಲಿಡುವುದೂ ಇದೇ ಕಾರಣದಿಂದ. ಹೀಗೆ ಎಚ್ಚರ ತಪ್ಪತೊಡಗಿದವರು, ಕವಾಟ ಬದಲಿಸದಿದ್ದರೆ, ಸರಾಸರಿ ಮೂರು ವರ್ಷ ಬದುಕುತ್ತಾರೆಂದು ರಾಸ್ ಮತ್ತು ಬ್ರೌನ್‌ವಾಲ್ಡ್ 1968ರಲ್ಲಿ ಬರೆದ ಲೆಕ್ಕವನ್ನು ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಆ ಮೂರರಲ್ಲಿ ಎಷ್ಟು ತಿಂಗಳುಗಳನ್ನು ನಮ್ಮ ಒಂದು ಸಮಾಧಾನದ ಮಾತು ತಿಂದಿತೋ.

ಚಿಕಿತ್ಸೆಗಂತೂ ಈಗ ಕೊರತೆಯಿಲ್ಲ. 1960ರಿಂದ ಎದೆ ಸೀಳಿ ಕೃತಕ ಕವಾಟ ಕೂರಿಸುತ್ತಿದ್ದಾರೆ. ನಮ್ಮಲ್ಲಿ ವಲಿಯತ್ತಾನರ ತಂಡ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹಲವು ಮಾದರಿಗಳು ಸೋತ ಮೇಲೂ ಬಿಡದೆ ಭಾರತದ್ದೇ ಕವಾಟವನ್ನು ತಯಾರಿಸಿ 1990ರಲ್ಲಿ ಮೊದಲ ರೋಗಿಗೆ ಕೂರಿಸಿತು; ಅನಂತರ ಅವರು ಮಣಿಪಾಲದ ಕುಲಪತಿಯಾಗಿ ನಮ್ಮವರೂ ಆದರು. 2002ರಲ್ಲಿ ಫ್ರಾನ್ಸಿನ ಕ್ರಿಬಿಯೇ ರಕ್ತನಾಳದ ಮೂಲಕ, ಎದೆ ತೆರೆಯದೆ, ಮಡಚಿದ ಕವಾಟವನ್ನು ಒಳಗೆ ಸಾಗಿಸಿ ಅರಳಿಸಿದ. ಮಹಾಧಮನಿಯ ಹಳೆಯ ಕದವನ್ನು ಕೀಳುವುದಿಲ್ಲ. ಸುಣ್ಣದ ಸಮೇತ ಗೋಡೆಗೊತ್ತಿ ಅದರೊಳಗೆ ಹೊಸತನ್ನು ನಿಲ್ಲಿಸುತ್ತಾರೆ. ನಮ್ಮ ಹಿರಿಯರಿಗೆ ವೈದ್ಯರು ಸೂಚಿಸಿರುವುದು ಇದನ್ನೇ. ಖರ್ಚು ಲಕ್ಷಗಳ ಮಾತು, ಮಕ್ಕಳು ಹೊಂದಿಸುತ್ತಿದ್ದಾರೆ.

ಕಳೆದ ವಾರ ಅವರ ಮನೆಗೆ ಹೋಗಿ, ಎರಡು ವರ್ಷಗಳ ಹಿಂದೆ ನಾವು ಆಡಿದ ಮಾತಿಗೆ ಕ್ಷಮೆ ಕೇಳಿದೆವು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಕವಾಟದ ವಿಷಯವನ್ನೇ ಎತ್ತಿದರು. ಅದರ ಎಸಳುಗಳನ್ನು ದನದ ಹೃದಯದ ಹೊರಪೊರೆಯಿಂದ ಮಾಡಿರುತ್ತಾರೆಂದು ಯಾರೋ ಹೇಳಿದ್ದರಂತೆ. ಅದು ನಿಜವೇ ಎಂದು ಕೇಳಿದರು. ಈ ಸಲ ಸಮಾಧಾನದ ಮಾತಿಗೆ ಹೋಗದೆ, ಹಲವು ಕವಾಟಗಳಲ್ಲಿ ಹಾಗೆಯೇ, ಕೆಲವದರಲ್ಲಿ ಹಂದಿಯದು ಎಂದೆವು. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಆಮೇಲೆ ಸೊಸೆಯನ್ನು ಕರೆದು, ಹಳೆಯ ಎಕೋ ವರದಿಯನ್ನು ಚೀಲದಿಂದ ತೆಗೆದು ಹೊಸ ಕಾಗದಗಳ ಜೊತೆ ಇಡಲು ಹೇಳಿದರು.